ಹಳೇ ಊರಿನ ರಥಬೀದಿಗೆ ಏನು ಹಾಕಿಸೋಣ? ಡಾಂಬರು, ಕಾಂಕ್ರೀಟು, ಇಂಟರ್‌ಲಾಕ್, ಕಲ್ಲುಹಾಸು

ರಸ್ತೆಗೆ ದುಡ್ಡು ಮಂಜೂರಾಗಿದೆ ಅಂತ ಗೊತ್ತಾದ ದಿನವೇ ಊರಿನಲ್ಲಿ ಎರಡು ಪಕ್ಷ ಆಗುತ್ತದೆ. ಕಾಂಕ್ರೀಟು ಹಾಕಿಸಿಬಿಡಿ, ಮತ್ತೆ ತಲೆನೋವಿಲ್ಲ ಅನ್ನುವವರು ಒಂದು ಕಡೆ. ಕಲ್ಲು ಹಾಸಿ, ಬೀದಿಗೆ ಕಳೆ ಬರುತ್ತದೆ ಅನ್ನುವವರು ಇನ್ನೊಂದು ಕಡೆ. ನಡುವೆ ಒಬ್ಬರು ಎದ್ದು ನಿಂತು, ರಸ್ತೆ ಅಗಲ ಮಾಡಿದರೇ ಸರಿ ಅಂತಾರೆ. ಅವರ ಮನೆ ಸಾಮಾನ್ಯವಾಗಿ ಆ ಬೀದಿಯಲ್ಲಿ ಇರುವುದಿಲ್ಲ.

ಮೇಲುಕೋಟೆ, ಗೋಕರ್ಣ, ಬನವಾಸಿ, ಐಹೊಳೆಯಂಥ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಊರು ಚಿಕ್ಕದು, ಬೀದಿಗೆ ಕೆಲಸ ಜಾಸ್ತಿ. ಬಸ್ಸು ಅಲ್ಲೇ ಬರಬೇಕು, ಸಂತೆ ಅಲ್ಲೇ ಕೂರಬೇಕು, ತೇರು ಅಲ್ಲೇ ಎಳೆಯಬೇಕು. ಎರಡೂ ಬದಿಯ ಮನೆಗಳಿಗೆ ಜಗಲಿ ಇದೆ, ಮಣ್ಣಿನ ಗೋಡೆ ಇದೆ, ಕೆಲವಕ್ಕೆ ನೂರು ವರ್ಷ ದಾಟಿದೆ. ಇಲ್ಲಿ ಹೊಸ ಬಡಾವಣೆಯ ಲೆಕ್ಕ ನಡೆಯುವುದಿಲ್ಲ.

ನನ್ನ ಮಾತು ಇಷ್ಟೇ: ಮೇಲೆ ಏನು ಹಾಕುತ್ತೀರಿ ಅನ್ನುವುದು ಎರಡನೆಯ ಪ್ರಶ್ನೆ. ರಸ್ತೆ ಯಾವ ಮಟ್ಟಕ್ಕೆ ಬಂದು ನಿಲ್ಲಬೇಕು ಅನ್ನುವುದು ಮೊದಲನೆಯದು. ಅದು ತಪ್ಪಿದರೆ ಅತಿ ದುಬಾರಿ ಗ್ರಾನೈಟು ಹಾಸಿದರೂ ಮಳೆಗಾಲದಲ್ಲಿ ನೀರು ನಡುಮನೆಗೆ ಬರುತ್ತದೆ.

ಮೊದಲು ಹೊಸ್ತಿಲು ಅಳೆಯಿರಿ

ಹಳೇ ಬೀದಿಗೆ ಹೋದಾಗ ಜಗಲಿಯ ಮೆಟ್ಟಿಲು ಎಣಿಸಿ ನೋಡಿ. ಹಿರಿಯರನ್ನು ಕೇಳಿದರೆ ಮೂರು ಮೆಟ್ಟಿಲಿತ್ತು ಅಂತಾರೆ. ಈಗ ಒಂದೂವರೆ ಕಾಣುತ್ತದೆ. ಉಳಿದದ್ದು ರಸ್ತೆಯ ಕೆಳಗಿದೆ. ಪ್ರತಿ ಸಲ ಡಾಂಬರು ಹಾಕುವಾಗ ಹಳೇ ಪದರದ ಮೇಲೇ 3ರಿಂದ 5 ಸೆಂ.ಮೀ. ಏರಿಸುತ್ತಾರೆ. ನಾಲ್ಕು ಸಲ ಹಾಕಿದರೆ ಅರ್ಧ ಅಡಿ ಹೋಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಹಳೆಯದನ್ನು ಅಗೆದು ಸಾಗಿಸುವ ಬಾಬತ್ತು ಎಸ್ಟಿಮೇಟಿನಲ್ಲಿ ಇರುವುದಿಲ್ಲ, ಅಷ್ಟೇ.

ಆದ್ದರಿಂದ ಇಂಜಿನಿಯರ್ ಬರುವ ಮೊದಲೇ ಊರವರು ಮಾಡಬಹುದಾದ ಒಂದು ಕೆಲಸ ಇದೆ. ಗಾರೆ ಮೇಸ್ತ್ರಿಯ ಹತ್ತಿರ ನೀರು ತುಂಬಿದ ಪಾರದರ್ಶಕ ಪೈಪು ಇರುತ್ತದೆ, ಮಟ್ಟ ನೋಡಲು. ಒಬ್ಬರು ದೇವಸ್ಥಾನದ ಮೆಟ್ಟಿಲಿನ ಹತ್ತಿರ ಒಂದು ತುದಿ ಹಿಡಿಯಲಿ. ಇನ್ನೊಬ್ಬರು ಇನ್ನೊಂದು ತುದಿಯನ್ನು ಮೊದಲ ಮನೆಯ ಗೋಡೆಗೆ ಹಿಡಿಯಲಿ. ಪೈಪಿನ ನೀರು ಅಲುಗಾಡಿ ನಿಂತ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆ ಗೆರೆಯಿಂದ ಕೆಳಗೆ ಹೊಸ್ತಿಲಿಗೆ ಎಷ್ಟು, ರಸ್ತೆಗೆ ಎಷ್ಟು ಅಂತ ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಹಾಗೇ ಗೆರೆಯನ್ನು ಮನೆಯಿಂದ ಮನೆಗೆ ದಾಟಿಸುತ್ತಾ ಬೀದಿಯ ಕೊನೆಯವರೆಗೂ ಹೋಗಿ. ಒಂದು ಮಧ್ಯಾಹ್ನದ ಕೆಲಸ. ಇಡೀ ಬೀದಿಯಲ್ಲಿ ಅತಿ ತಗ್ಗಿನ ಹೊಸ್ತಿಲು ಯಾರದು ಅಂತ ಗೊತ್ತಾಗುತ್ತದೆ. ಹೊಸ ರಸ್ತೆ ಮುಗಿದಾಗ ಅಲ್ಲಿನ ಮಟ್ಟ ಆ ಹೊಸ್ತಿಲಿಗಿಂತ ಕಡಿಮೆಯೆಂದರೂ ಅರ್ಧ ಅಡಿ ಕೆಳಗೆ ಇರಬೇಕು. ಆ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಿ ಕೊಡಿ. ಬಾಯಿಮಾತಿಗಿಂತ ಇದಕ್ಕೆ ಬೆಲೆ ಜಾಸ್ತಿ.

ಚರಂಡಿಯೂ ಇದೇ ಲೆಕ್ಕಕ್ಕೆ ಸೇರಿದ್ದು. ಕಾಂಕ್ರೀಟ್ ರಸ್ತೆಗೆ ನಡುವಿನಿಂದ ಅಂಚಿಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಕೊಡುತ್ತಾರೆ, ಡಾಂಬರಿಗೆ ಎರಡೂವರೆ. ಆ ನೀರು ಚರಂಡಿಗೆ ಬಿದ್ದ ಮೇಲೆ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಉತ್ತರ ಬರಲಿಲ್ಲ ಅಂದರೆ ಟೆಂಡರ್ ಕರೆಯುವ ಸಮಯ ಇನ್ನೂ ಬಂದಿಲ್ಲ. ಮಳೆನೀರು ಕೆರೆಗೋ ಕಲ್ಯಾಣಿಗೋ ಹೋಗುವ ಹಳೇ ದಾರಿ ಇದ್ದರೆ ಉಳಿಸಿಕೊಳ್ಳಿ. ಬಚ್ಚಲು ನೀರನ್ನು ಮಾತ್ರ ಅದಕ್ಕೆ ಸೇರಿಸಬೇಡಿ.

ಡಾಂಬರು

ಅಗ್ಗ, ಬೇಗ ಮುಗಿಯುತ್ತದೆ, ಹಾಕಿದ ಮಾರನೇ ದಿನ ಬಸ್ಸು ಓಡಬಹುದು. ರಿಪೇರಿ ಸುಲಭ. ಲೋಕೋಪಯೋಗಿ ಇಲಾಖೆಗೆ ಕೈವಶವಾದ ಕೆಲಸ.

ರಥಬೀದಿಗೆ ಬಂದಾಗ ತೊಂದರೆ ಶುರು. ನಮ್ಮ ಕಡೆ ಬಹುಪಾಲು ತೇರು ಮಾಘದಿಂದ ವೈಶಾಖದ ಒಳಗೆ, ಅಂದರೆ ಬಿಸಿಲು ಏರುವ ಕಾಲದಲ್ಲಿ. ಡಾಂಬರು ಮೆತ್ತಗಾಗುವುದೂ ಆಗಲೇ. ತೇರಿನ ಭಾರವೆಲ್ಲ ಕೆಲವೇ ಚಕ್ರಗಳ ಮೇಲೆ, ಚಕ್ರ ನೆಲಕ್ಕೆ ತಾಗುವ ಜಾಗ ಅಂಗೈ ಅಗಲ. ಲಾರಿಯ ಟೈರಿನಂತೆ ಅದು ಭಾರವನ್ನು ಹರಡುವುದಿಲ್ಲ. ಹೊಸ ಡಾಂಬರಾದರೆ ಚಕ್ರ ಒತ್ತಿಕೊಂಡು ಹೋಗುತ್ತದೆ. ಬರಿಗಾಲಲ್ಲಿ ಹಗ್ಗ ಹಿಡಿದವರ ಅಂಗಾಲಂತೂ ಕೇಳುವುದೇ ಬೇಡ. ಜೊತೆಗೆ ನೀರು ಡಾಂಬರಿನ ಶತ್ರು. ಚರಂಡಿ ಕಟ್ಟಿಕೊಳ್ಳುವ ಬೀದಿಯಲ್ಲಿ, ಅದರಲ್ಲೂ ಗೋಕರ್ಣದಂಥ ಕರಾವಳಿ ಮಳೆಯಲ್ಲಿ, ಅಂಚಿನಿಂದಲೇ ಕಿತ್ತು ಬರುತ್ತದೆ.

ಊರ ಹೊರಗಿನ ರಸ್ತೆಗೆ, ಬಸ್ ನಿಲ್ದಾಣದವರೆಗೆ, ಡಾಂಬರು ಸರಿ. ಜಗಲಿ ಸಾಲಿನ ನಡುವೆ ಹಾಕಲೇಬೇಕಾಗಿ ಬಂದರೆ ಹಳೇ ಪದರ ಕೆರೆದು ತೆಗೆದೇ ಹಾಕಬೇಕು ಅಂತ ಬರೆಸಿಕೊಳ್ಳಿ.

ಕಾಂಕ್ರೀಟು

ಭಾರಕ್ಕೆ ಹೆದರುವುದಿಲ್ಲ, ನೀರಿಗೆ ಹೆದರುವುದಿಲ್ಲ, ತೇರಿನ ಚಕ್ರ ಸಲೀಸಾಗಿ ಉರುಳುತ್ತದೆ. ದಿನಾ ಬಸ್ಸು, ಕಬ್ಬಿನ ಲಾರಿ ಹೋಗುವ ಬೀದಿಗೆ, ಬೈಪಾಸೂ ಇಲ್ಲ ಅಂದರೆ, ಇದನ್ನು ತಳ್ಳಿಹಾಕುವಂತಿಲ್ಲ.

ಆದರೆ ಕಾಂಕ್ರೀಟು ಒಂದೇ ಸಲ ಆಡುವ ಆಟ. ಬಸ್ಸು ಓಡುವ ರಸ್ತೆಗೆ ಸುಮಾರು 20 ಸೆಂ.ಮೀ. ದಪ್ಪ ಬೇಕು, ಅದರ ಕೆಳಗೆ ಗಟ್ಟಿ ಜೆಲ್ಲಿ ಪದರ ಬೇಕು. ಒಂದೂಕಾಲು ಅಡಿ ಅಗೆಯದೆ ಹಾಕಿದರೆ ರಸ್ತೆ ಅಷ್ಟೂ ಮೇಲೆ ಬರುತ್ತದೆ. ಡಾಂಬರು ನಾಲ್ಕು ಸಲಕ್ಕೆ ನುಂಗಿದ ಮೆಟ್ಟಿಲನ್ನು ಕಾಂಕ್ರೀಟು ಒಂದೇ ಸಲಕ್ಕೆ ನುಂಗುತ್ತದೆ. ಎಷ್ಟೋ ಊರುಗಳಲ್ಲಿ ಮನೆಗಳು ಗುಂಡಿಯಲ್ಲಿ ಕೂತಂತೆ ಕಾಣುವುದು ಹೀಗೇ.

ಎರಡನೆಯದು, ಪೈಪು. ಕಾಂಕ್ರೀಟು ಹಾಕಿದ ಮೇಲೆ ನಲ್ಲಿ ಸಂಪರ್ಕ ಬರುತ್ತದೆ, ಆಮೇಲೆ ಯುಜಿಡಿ, ಅಂದರೆ ಒಳಚರಂಡಿ, ಬರುತ್ತದೆ, ಆಮೇಲೆ ಯಾವುದೋ ಕೇಬಲ್ಲು. ಕಟರ್ ತಂದು ನಡುವೆ ಸೀಳುತ್ತಾರೆ. ಮುಚ್ಚಿದ ಜಾಗ ಮೊದಲಿನಂತೆ ಆಗುವುದೇ ಇಲ್ಲ. ಪ್ಯಾಚು ತಗ್ಗಾಗುತ್ತದೆ, ಅಂಚು ಒಡೆಯುತ್ತದೆ, ಸ್ಕೂಟರಿನವರು ಅಲ್ಲೇ ಬೀಳುತ್ತಾರೆ.

ಮೂರನೆಯದು, ಸಮಯ. ಕಾಂಕ್ರೀಟು ಪೂರ್ತಿ ಬಲ ಬರಲು 28 ದಿನ ಬೇಕು. ಅಲ್ಲಿವರೆಗೆ ಮೇಲೆ ನೀರು ಕಟ್ಟಿ ನೆನೆಸುತ್ತಿರಬೇಕು, ಗಾಡಿ ಬಿಡಬಾರದು. ಅಷ್ಟು ದಿನ ಬಾಗಿಲ ಮುಂದೆ ಗಿರಾಕಿ ಇಲ್ಲದೆ ಹೂವಿನಂಗಡಿ, ಪುಳಿಯೋಗರೆ ಅಂಗಡಿ ಹೇಗೆ ನಡೆಯಬೇಕು? ಒತ್ತಾಯಕ್ಕೆ ವಾರಕ್ಕೇ ಬಿಟ್ಟ ರಸ್ತೆಯ ಗತಿ ಮೇಲ್ಮೈ ಪುಡಿಯೇಳುವುದು. ಕಾಂಕ್ರೀಟು ಗಟ್ಟಿಯಾಗುವಾಗ ಕುಗ್ಗುತ್ತದೆ, ಸುಮಾರು ನಾಲ್ಕು ಮೀಟರಿಗೊಂದು ಅಡ್ಡ ಗೆರೆ ಕೊಯ್ಯಬೇಕು. ಕೊಯ್ಯದಿದ್ದರೆ ಅದೇ ತನಗೆ ಬೇಕಾದಲ್ಲಿ ಬಿರಿಯುತ್ತದೆ.

ಇಂಟರ್‌ಲಾಕ್

ಅಂದರೆ ಒಂದಕ್ಕೊಂದು ಜೋಡಿಸಿ ಹಾಸುವ ಕಾಂಕ್ರೀಟ್ ಬ್ಲಾಕ್. ಚಿಕ್ಕ ಊರುಗಳಲ್ಲಿ ಈಗ ಇದರದ್ದೇ ಹವಾ. ಇದರ ದೊಡ್ಡ ಗುಣ ಒಂದು: ಬಿಚ್ಚಿ ಮತ್ತೆ ಜೋಡಿಸಬಹುದು. ಪೈಪ್ ಒಡೆದರೆ ಆ ಜಾಗದ ಬ್ಲಾಕ್ ಎತ್ತಿ, ಕೆಲಸ ಮುಗಿಸಿ, ಅವನ್ನೇ ಕೂರಿಸಬಹುದು. ಪೈಪಿನ ಕೆಲಸ ಇನ್ನೂ ಬಾಕಿ ಇರುವ ಊರಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಹಾಕಿದ ದಿನವೇ ಓಡಾಡಬಹುದು ಕೂಡ.

ಮೋಸ ಹೋಗುವುದು ದಪ್ಪದಲ್ಲಿ. ಬ್ಲಾಕಿನ ಭಾರತೀಯ ಮಾನದಂಡ ಐಎಸ್ 15658 ಪ್ರಕಾರ 60 ಮಿ.ಮೀ., ಎಂ-35 ಬ್ಲಾಕ್ ಹಗುರ ಓಡಾಟಕ್ಕೆ (ಎಂ ಅಂದರೆ ಕಾಂಕ್ರೀಟಿನ ಬಲದ ದರ್ಜೆ). ಮಧ್ಯಮ ಓಡಾಟಕ್ಕೆ 80 ಮಿ.ಮೀ., ಎಂ-40 ಬೇಕು. ಭಾರಿ ಗಾಡಿಗೆ 100 ಮಿ.ಮೀ., ಎಂ-50. ಅಂಗಳಕ್ಕೆ ಹಾಕುವ 60ರ ಬ್ಲಾಕನ್ನು ಬಸ್ಸಿನ ಬೀದಿಗೆ ಹಾಕಿದರೆ ಎರಡು ಮಳೆಗಾಲಕ್ಕೆ ಅಲೆ ಅಲೆಯಾಗುತ್ತದೆ. ಲೋಡು ಇಳಿಸುವಾಗ ಒಂದು ಬ್ಲಾಕ್ ಎತ್ತಿ ಸ್ಕೇಲ್ ಇಟ್ಟು ನೋಡಿ, ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇನ್ನು ಅಂಚಿಗೆ ಗಟ್ಟಿ ಕರ್ಬ್ ಕಲ್ಲು ಇಲ್ಲದಿದ್ದರೆ ಸಾಲು ಪೂರ್ತಿ ಹೊರಗೆ ಜರುಗುತ್ತದೆ.

ತೇರಿನ ಬೀದಿಯಲ್ಲಿ ತಿರುವು ಬೇರೆಯೇ ಕತೆ. ನೇರ ದಾರಿಯಲ್ಲಿ ಬ್ಲಾಕ್ ತಡೆದುಕೊಳ್ಳುತ್ತದೆ. ಮೂಲೆಗೆ ಬಂದಾಗ ಚಕ್ರದ ಕೆಳಗೆ ಮರದ ದಿಮ್ಮಿ ಕೊಟ್ಟು ತೇರನ್ನು ತಿರುಗಿಸುತ್ತಾರೆ. ಚಕ್ರ ಉರುಳುವುದಿಲ್ಲ, ನೆಲವನ್ನು ಉಜ್ಜಿಕೊಂಡು ಪಕ್ಕಕ್ಕೆ ಜರುಗುತ್ತದೆ. ದಿಮ್ಮಿ ಜಾರಿದ ಕಡೆ ಬ್ಲಾಕಿನ ಮೂಲೆ ಚೂರಾಗುತ್ತದೆ, ಇಡೀ ಸಾಲು ಒಂದು ಬೆರಳು ಸರಿಯುತ್ತದೆ. ನಾಲ್ಕು ಮೂಲೆಗೆ ಮಾತ್ರ ಕಲ್ಲು ಚಪ್ಪಡಿಯೋ ಕಾಂಕ್ರೀಟೋ ಹಾಕಿ, ನಡುವಿನ ಉದ್ದಕ್ಕೆ ಬ್ಲಾಕ್ ಹಾಕಿದರೆ ಈ ಗೋಳು ತಪ್ಪುತ್ತದೆ.

ನೋಟದ ಮಾತು: ಕೆಂಪು, ಹಳದಿ, ಡಮರು ಆಕಾರ, ಅಲೆಯಾಕಾರ ಎಲ್ಲ ಬೇಡ. ಬೂದು ಬಣ್ಣದ ಆಯತದ ಬ್ಲಾಕ್ ಸಾಕು. ಹಳೇ ಗುಡಿ ಮುಂದೆ ಪೆಟ್ರೋಲ್ ಬಂಕಿನ ನೆಲ ಯಾಕೆ?

ಕಲ್ಲುಹಾಸು

ಊರಿಗೆ ಒಪ್ಪುವುದು ಇದೇ, ಅನುಮಾನ ಇಲ್ಲ. ಸರಿಯಾಗಿ ಕೂರಿಸಿದ ಕಲ್ಲು ತಲೆಮಾರುಗಟ್ಟಲೆ ಬಾಳುತ್ತದೆ, ಎತ್ತಿ ಮತ್ತೆ ಕೂರಿಸಲೂ ಬರುತ್ತದೆ. ಮೊದಲ ಖರ್ಚು ನಾಲ್ಕರಲ್ಲಿ ಅತಿ ಹೆಚ್ಚು, ಅದರಲ್ಲೂ ಅನುಮಾನ ಇಲ್ಲ.

ಯಾವ ಕಲ್ಲು ಅನ್ನುವುದರಲ್ಲಿ ಎಚ್ಚರ ಬೇಕು. ಮೈಸೂರು, ಬೆಂಗಳೂರು ಸೀಮೆಯ ಬಿಳಿಗಲ್ಲು, ಅಂದರೆ ಬೂದು ಗ್ರಾನೈಟು, ಗಾಡಿಗೆ ಜಗ್ಗುವುದಿಲ್ಲ. ಶಹಾಬಾದ ಫರಸಿ ಜಗಲಿಗೆ, ಕಾಲುದಾರಿಗೆ ಚಂದ. ಬಸ್ಸಿನ ಕೆಳಗೆ ಪದರ ಪದರವಾಗಿ ಏಳುತ್ತದೆ. ಕರಾವಳಿಯ ಮುರಕಲ್ಲು ಗೋಡೆಗೆ ಸರಿ, ಚಕ್ರದ ಕೆಳಗೆ ಪುಡಿ. ಬಾದಾಮಿ, ಐಹೊಳೆ ಸುತ್ತಿನ ಮರಳುಗಲ್ಲು ಗುಡಿಯ ಬಣ್ಣಕ್ಕೆ ಹೊಂದುತ್ತದೆ. ಆದರೆ ಗಾಡಿ ಓಡುವಲ್ಲಿ ಸವೆಯುತ್ತದೆ, ಬದಿಗೆ ಮಾತ್ರ ಬಳಸಬಹುದು.

ಪಾಲಿಶ್ ಮಾಡಿದ ಕಲ್ಲು ಮಾತ್ರ ಬೇಡವೇ ಬೇಡ. ಮೇಲುಕೋಟೆಯ ವೈರಮುಡಿ ಉತ್ಸವ ನೆನಪಿಸಿಕೊಳ್ಳಿ. ಫಾಲ್ಗುಣದ ರಾತ್ರಿ, ಮಂಡ್ಯದ ಖಜಾನೆಯಿಂದ ಬಂದ ಕಿರೀಟ ಧರಿಸಿದ ಚೆಲುವನಾರಾಯಣ ಸ್ವಾಮಿಯನ್ನು ಹೆಗಲ ಮೇಲೆ ಹೊತ್ತು ಬೀದಿ ಸುತ್ತುತ್ತಾರೆ. ಸುತ್ತ ಲಕ್ಷಗಟ್ಟಲೆ ಜನ. ಹೊತ್ತವರಿಗೆ ಕೆಳಗೆ ನೋಡಲು ಆಗುವುದಿಲ್ಲ, ಎಲ್ಲ ಕಾಲಿಗೇ ಗೊತ್ತಾಗಬೇಕು. ಚೆಲ್ಲಿದ ನೀರು, ಎಣ್ಣೆ, ತುಳಿದ ಹೂವು ಬಿದ್ದ ನುಣುಪು ಗ್ರಾನೈಟಿನ ಮೇಲೆ ಒಬ್ಬರು ಜಾರಿದರೆ ಏನಾದೀತು? ಉಳಿಯಲ್ಲಿ ಒರಟು ಮಾಡಿದ ಅಥವಾ ಬೆಂಕಿಯಲ್ಲಿ ಸುಟ್ಟು ಒರಟಾಗಿಸಿದ ಮೇಲ್ಮೈ ಅಂತಲೇ ಎಸ್ಟಿಮೇಟಿನಲ್ಲಿ ಇರಬೇಕು. ಎರಡು ಕಲ್ಲುಗಳ ನಡುವೆ ಏರುತಗ್ಗು ಇರಬಾರದು.

ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2018ರಲ್ಲಿ ಡಾಂಬರು ತೆಗೆದು ಕಲ್ಲು ಹಾಸಿದ್ದನ್ನು ನೋಡಿರುತ್ತೀರಿ. ಅಲ್ಲಿ ಗಮನಿಸಬೇಕಾದದ್ದು ಕಲ್ಲಿಗಿಂತ ಅದರ ಕೆಳಗಿನ ಕೆಲಸ. ಪೈಪು, ಕೇಬಲ್ಲುಗಳ ದಾರಿ ಮೊದಲು ಮಾಡಿಕೊಂಡು ಆಮೇಲೆ ಕಲ್ಲು ಹಾಸಿದರು. ಅಷ್ಟು ದುಡ್ಡು ಚಿಕ್ಕ ಊರಿಗೆ ಬರುವುದಿಲ್ಲ, ನಿಜ. ಆದರೆ ಕ್ರಮ ಅದೇ.

ಬೆರಕೆಯೇ ಒಳ್ಳೆಯದು

ನಾಲ್ಕರಲ್ಲಿ ಒಂದನ್ನೇ ಆರಿಸಬೇಕು ಅಂತ ಯಾರೂ ಹೇಳಿಲ್ಲ, ಅಲ್ವಾ? ಜಗಲಿಯಿಂದ ಜಗಲಿಗೆ 9 ಮೀಟರ್ ಇರುವ ಬೀದಿ ಅಂದುಕೊಳ್ಳಿ. ನಡುವೆ ಐದೂವರೆ ಮೀಟರ್ ಗಾಡಿಗೆ ಸಾಕು, ಎದುರುಬದುರು ಬಂದರೂ ನಿಧಾನವಾಗಿ ದಾಟುತ್ತವೆ. ಆ ನಡುಭಾಗಕ್ಕೆ ಕಾಂಕ್ರೀಟೋ 80ರ ಬ್ಲಾಕೋ ಹಾಕಿ. ಉಳಿದದ್ದು ಒಂದೊಂದು ಬದಿಗೆ ಒಂದೂಮುಕ್ಕಾಲು ಮೀಟರ್. ಅಲ್ಲಿ ಚರಂಡಿ, ಅದರ ಪಕ್ಕ ನೀರಿನ ಪೈಪು, ಕರೆಂಟಿನ ಕೇಬಲ್ಲು, ಮೇಲೆ ಎತ್ತಬಹುದಾದ ಕಲ್ಲು ಚಪ್ಪಡಿ. ಮುಂದೆ ಯಾರು ಏನು ಅಗೆದರೂ ಬದಿಯಲ್ಲೇ ಅಗೆಯುತ್ತಾರೆ. ಕಂಬಗಳೂ ಹೋದರೆ ತೇರಿನ ದಿನ ತಂತಿ ಬಿಚ್ಚುವ ಕೆಲಸವೂ ಇಲ್ಲ.

ಬಸ್ಸು ಒಳಗೆ ಬಾರದ ಊರಾದರೆ ನಾನು ಕಾಂಕ್ರೀಟನ್ನು ಬಿಟ್ಟೇಬಿಡುತ್ತೇನೆ. ದೇವಸ್ಥಾನದ ಸುತ್ತ ಕಲ್ಲು, ಉಳಿದ ಕಡೆ ಬ್ಲಾಕ್. ದುಡ್ಡು ಕಡಿಮೆ ಅಂದರೆ ಚರಂಡಿ ಮತ್ತು ಬದಿಗಳನ್ನು ಈಗ ಪೂರ್ತಿ ಮುಗಿಸಿ, ನಡುಭಾಗಕ್ಕೆ ಹಳೇ ಮಟ್ಟದಲ್ಲೇ ತೆಳು ಡಾಂಬರು ಹಾಕಿ ಎರಡು ವರ್ಷ ತಳ್ಳಿ. ಇಡೀ ಬೀದಿಗೆ ಅರೆಬರೆ ಕಲ್ಲು ಹಾಸಿ ಚರಂಡಿ ಬಿಡುವುದಕ್ಕಿಂತ ಅದು ಮೇಲು.

ಅಗಲ ಮಾಡುವುದೋ, ಬೈಪಾಸೋ, ಸಮಯ ಕಟ್ಟುವುದೋ

ಅಗಲೀಕರಣ ಅಂದರೆ ರಸ್ತೆ ನಡುವಿನಿಂದ ಇಷ್ಟು ಮೀಟರ್ ಅಂತ ಗೋಡೆಗಳ ಮೇಲೆ ಕೆಂಪು ಗುರುತು ಬೀಳುವುದು. ಹೋಗುವುದು ಜಗಲಿ, ಕೆತ್ತನೆ ಕಂಬ, ಮುಂಬಾಗಿಲು. ಹಳೇ ಊರಿನ ಚಂದ ಇರುವುದೇ ಆ ಹತ್ತು ಅಡಿಯಲ್ಲಿ. ಉಳಿದ ಅರ್ಧ ಮನೆಗೆ ಶಟರ್ ಬರುತ್ತದೆ. ಬಂದ ಜಾಗ ಎರಡೇ ತಿಂಗಳಲ್ಲಿ ಕಾರು ನಿಲ್ಲಿಸುವ ಜಾಗವಾಗುತ್ತದೆ. ಖಾಸಗಿ ಜಾಗ ತೆಗೆದುಕೊಂಡರೆ 2013ರ ಭೂಸ್ವಾಧೀನ ಕಾಯ್ದೆಯಂತೆ ಪರಿಹಾರ ಕೊಡಬೇಕು. ಆ ದುಡ್ಡಿಗೆ ಬೇರೆ ದಾರಿ ಹುಡುಕಬಹುದು ಅನ್ನುವುದು ನನ್ನ ಅಭಿಪ್ರಾಯ.

ಭಾರಿ ಗಾಡಿಯನ್ನು ಊರ ಹೊರಗೇ ಕಳಿಸಬೇಕು ಅನ್ನುವ ಪಾಠವನ್ನು ಹಂಪಿ ಕಷ್ಟಪಟ್ಟು ಕಲಿತಿದೆ. ಸ್ಮಾರಕಗಳ ನಡುವೆಯೇ ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟಾಗ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಹೊರಬಂತು. ಅರ್ಧ ಕಟ್ಟಿದ್ದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಸತ್ತರು. ಕೊನೆಗೆ ಸೇತುವೆ ಬಂದದ್ದು ದೂರದ ಬುಕ್ಕಸಾಗರ, ಕಡೇಬಾಗಿಲು ನಡುವೆ. ಅದೇ ಹಂಪಿಯಲ್ಲಿ ಇನ್ನೊಂದು ಪಾಠವೂ ಇದೆ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿ ಮುಂದಿನ ಬಜಾರಿನ ಮಂಟಪಗಳಲ್ಲಿದ್ದ ಅಂಗಡಿ, ಮನೆಗಳನ್ನು ತೆರವು ಮಾಡಿದರು. ಮಂಟಪ ಉಳಿಯಿತು, ಬಜಾರು ಹೋಯಿತು. ಬೀದಿ ಉಳಿಸುವುದು ಅಂದರೆ ಅಲ್ಲಿ ಬದುಕುವವರನ್ನೂ ಉಳಿಸುವುದು ಅಂತ ಯೋಜನೆ ಮಾಡುವವರಿಗೆ ಮೊದಲೇ ಹೇಳಬೇಕು.

ಬೈಪಾಸಿಗೂ ಬೆಲೆ ಇದೆ. ರೈತರ ಜಮೀನು ಹೋಗುತ್ತದೆ, ಹಾದುಹೋಗುವ ಗಿರಾಕಿ ಕಡಿಮೆಯಾಗುತ್ತದೆ, ಐದು ವರ್ಷಕ್ಕೆ ಬೈಪಾಸಿನ ಮೇಲೆ ಹೊಸ ಪೇಟೆ ಹುಟ್ಟುತ್ತದೆ. ಆದರೆ ಒಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರೊಳಗಿನ ರಸ್ತೆ ರಾಜ್ಯ ಹೆದ್ದಾರಿಯೋ ಜಿಲ್ಲಾ ಮುಖ್ಯ ರಸ್ತೆಯೋ ಆಗಿದ್ದರೆ ಅದು ಲೋಕೋಪಯೋಗಿ ಇಲಾಖೆಯದು, ಹೆದ್ದಾರಿಯ ಅಳತೆ, ಹೆದ್ದಾರಿಯ ಡಾಂಬರು. ಬೈಪಾಸ್ ಆದ ಮೇಲೆ ಹಳೇ ತುಂಡನ್ನು ಊರಿನ ಪಂಚಾಯಿತಿಗೆ ಬಿಟ್ಟುಕೊಡಿ ಅಂತ ಕೇಳಬಹುದು. ಆಗ ಕಲ್ಲೋ ಬ್ಲಾಕೋ ಅನ್ನುವ ತೀರ್ಮಾನ ನಿಮ್ಮ ಕೈಯಲ್ಲಿ. ಆದ್ದರಿಂದ ರಸ್ತೆ ಯಾರ ಹೆಸರಿನಲ್ಲಿದೆ ಅಂತ ಮೊದಲು ವಿಚಾರಿಸಿ.

ಖರ್ಚೇ ಇಲ್ಲದ ಆಯ್ಕೆ ಸಮಯ ಕಟ್ಟುವುದು. ದೆಹಲಿಯ ಚಾಂದನಿ ಚೌಕದಲ್ಲಿ 2021ರಲ್ಲಿ ಹೊಸದಾದ 1.3 ಕಿ.ಮೀ. ಬೀದಿಗೆ ಬೆಳಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ಗಾಡಿ ಬಿಡುವುದಿಲ್ಲ. ನಮ್ಮ ಊರಿಗೆ ಅಷ್ಟು ಬೇಡ. ಲೋಡು ಗಾಡಿ ಬೆಳಗ್ಗೆ 8ರ ಒಳಗೆ, ಪ್ರವಾಸಿ ಬಸ್ಸು ಊರ ಬಾಗಿಲಲ್ಲೇ ನಿಲ್ಲಬೇಕು ಅಂತ ಮಾಡಿದರೂ ಬೀದಿಯ ಭಾರ ಅರ್ಧ ಇಳಿಯುತ್ತದೆ. ಜಾತ್ರೆ ದಿನ ಹೇಗೂ ಮಾಡುತ್ತೀರಲ್ಲ. ವರ್ಷವಿಡೀ ಮಾಡಿದರೆ 100ರ ಬ್ಲಾಕಿನ ಬದಲು 80ರದ್ದು ಸಾಕಾಗುತ್ತದೆ.

ಅನುಮತಿ ಮತ್ತು ಅಗೆತ

ಕೇಂದ್ರದ ಸಂರಕ್ಷಿತ ಸ್ಮಾರಕ ಇದ್ದರೆ ಅದರ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇದು. ಐಹೊಳೆಯಲ್ಲಿ 120ಕ್ಕೂ ಹೆಚ್ಚು ಗುಡಿಗಳಿವೆ, ಮನೆಗಳು ಅವುಗಳ ಮಗ್ಗುಲಲ್ಲೇ ಇವೆ. ಅಂಥ ಊರಿನ ಒಳಗೆ ಈ ಅಳತೆ ಮೀರಿದ ಜಾಗ ಹುಡುಕುವುದೇ ಕಷ್ಟ. ಕಾಯ್ದೆಯ ಪ್ರಕಾರ ಚರಂಡಿ, ಕುಡಿಯುವ ನೀರು, ವಿದ್ಯುತ್ ಕೆಲಸಗಳು ಹೊಸ ಕಟ್ಟಡದ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಸುಮ್ನೆ ಜೆಸಿಬಿ ಇಳಿಸಬೇಡಿ. ಪುರಾತತ್ವ ಇಲಾಖೆಗೆ ಮೊದಲೇ ನಕ್ಷೆ ಸಮೇತ ಬರೆದು, ಉತ್ತರ ಕೈಗೆ ಬಂದ ಮೇಲೆ ಶುರು ಮಾಡಿ. ಅಗೆಯುವಾಗ ವೀರಗಲ್ಲೋ ಶಾಸನವೋ ಸಿಕ್ಕರೆ ಎತ್ತಿ ಬದಿಗಿಡಬೇಡಿ. ಇದ್ದಲ್ಲೇ ಬಿಟ್ಟು ತಿಳಿಸಿ.

ಮಣ್ಣಿನ ಗೋಡೆಯ ಮನೆಗಳ ಪಕ್ಕ ಕಂಪನದ ರೋಲರ್ ಓಡಿಸಬಾರದು ಅಂತ ಕರಾರಿನಲ್ಲೇ ಬರೆಸಿ. ಕಂಪನ ಬಂದ್ ಮಾಡಿ ಓಡಿಸಲಿ, ಅಂಚಿಗೆ ಸಣ್ಣ ಪ್ಲೇಟ್ ಮಷೀನ್ ಸಾಕು. ಕೆಲಸಕ್ಕೆ ಮೊದಲು ಪ್ರತಿ ಮನೆಯ ಗೋಡೆ ಬಿರುಕನ್ನು ದಿನಾಂಕ ಬರುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಇದು ಮೊದಲೇ ಇತ್ತು ಅನ್ನುವ ವಾದ ಹುಟ್ಟುವುದಿಲ್ಲ.

ಯಾವಾಗ, ಎಲ್ಲಿಂದ

ಮಳೆ ನಿಂತ ಮೇಲೆ, ತೇರಿನ ಮೊದಲು. ದೀಪಾವಳಿಯಿಂದ ಮಾಘದವರೆಗೆ ಸಿಗುವುದು ಮೂರು ತಿಂಗಳು. ಇಡೀ ಬೀದಿ ಒಟ್ಟಿಗೆ ಅಗೆದರೆ ಮುಗಿಯುವುದಿಲ್ಲ, ಅರ್ಧ ಅಗಲ ಮುಗಿಸಿ ಇನ್ನರ್ಧ ತೆಗೆದುಕೊಳ್ಳಲಿ. ಮುಗಿಯುವುದಿಲ್ಲ ಅಂತ ಮೊದಲೇ ಅನ್ನಿಸಿದರೆ ಈ ವರ್ಷ ಚರಂಡಿ, ಮುಂದಿನ ವರ್ಷ ಮೇಲ್ಮೈ ಅಂತ ಎರಡು ಭಾಗ ಮಾಡಿ. ಶುರು ಮಾಡುವುದು ದೇವಸ್ಥಾನದ ಮುಂದಿನಿಂದ ಅಲ್ಲ. ಫೋಟೋಗೆ ಅದು ಚೆನ್ನ, ಕೆಲಸಕ್ಕೆ ಅಲ್ಲ. ನೀರು ಊರಿನಿಂದ ಹೊರಗೆ ಹೋಗುವ ತಗ್ಗಿನ ತುದಿಯಿಂದ ಚರಂಡಿ ಎತ್ತಿಕೊಂಡು ಮೇಲಕ್ಕೆ ಬರಬೇಕು. ಒಂದೊಂದು ತುಂಡು ಮುಗಿದಾಗಲೂ ನಾಲ್ಕು ಕೊಡ ನೀರು ಸುರಿದು, ಅದು ನಿಲ್ಲದೆ ಹೋಗುತ್ತದಾ ಅಂತ ನೋಡಿಯೇ ಬಿಲ್ಲಿಗೆ ಸಹಿ ಮಾಡಿಸಿ.